ಡಬ್ಬಿಯೊಳಗಿನ ಗಂಡಸುತನ

ಎಂ.ಎ. ತರಗತಿಯಲ್ಲಿ ನಮಗೆ ವಿಮರ್ಶೆ ಕಲಿಸಿದ ಮೇಷ್ಟ್ರು ಒಂದು ಮಾತು ಹೇಳುತ್ತಿದ್ದರು: ಕೃತಿಯನ್ನು ಮೂರು ಸಲ ಓದದೆ ಅದರ ಬಗ್ಗೆ ಬಾಯಿ ಬಿಡಬಾರದು. ನಾನು ಮೂರಲ್ಲ, ಮೂವತ್ತು ಸಲ ಓದಿದ ಒಂದು ಕೃತಿಯ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಅದಕ್ಕೆ ಬರೆದವನ ಹೆಸರಿಲ್ಲ, ಮುನ್ನುಡಿ ಇಲ್ಲ, ಅರ್ಪಣೆ ಇಲ್ಲ. ಬೆಲೆ ಮಾತ್ರ ಇದೆ: ೮೯೯ ರೂಪಾಯಿ. ಅದು ಪುಸ್ತಕವಲ್ಲ, ಅರವತ್ತು ಗುಳಿಗೆಗಳ ಒಂದು ಪ್ಲಾಸ್ಟಿಕ್ ಡಬ್ಬಿ. ನನ್ನ ಅಣ್ಣನ ಟ್ರಂಕಿನಲ್ಲಿ, ಮಡಿಸಿಟ್ಟ ಯೂನಿಫಾರಮ್ಮಿನ ಕೆಳಗೆ ಸಿಕ್ಕಿತು.

ಸಾಹಿತ್ಯ ಪತ್ರಿಕೆಯಲ್ಲಿ ಡಬ್ಬಿಯ ವಿಮರ್ಶೆಯೇ ಅಂತ ಕೆಲವರು ನಗಬಹುದು. ನಗಲಿ. ನನ್ನ ಪ್ರಶ್ನೆ ಸರಳವಾಗಿದೆ. ನಮ್ಮ ಕೇರಿಯಲ್ಲಿ ಈ ವರ್ಷ ಕವನ ಸಂಕಲನ ಕೊಂಡು ಓದಿದವರು ಎಷ್ಟು ಜನ? ಇಂಥ ಡಬ್ಬಿಯ ಮೇಲಿನ ಬರಹವನ್ನು ದುಡ್ಡು ಕೊಟ್ಟು ಕೊಂಡು, ನಂಬಿ, ನುಂಗಿದವರು ಎಷ್ಟು ಜನ? ನಮ್ಮವರು ನಿಜವಾಗಿ ಓದುತ್ತಿರುವ ಬರಹ ಯಾವುದೋ ಅದನ್ನು ಮುಟ್ಟದ ವಿಮರ್ಶೆ ಯಾರಿಗಾಗಿ? ಡಬ್ಬಿಯ ಕಂಪನಿ ಯಾವುದು ಅಂತ ಮಾತ್ರ ಕೇಳಬೇಡಿ. ಒಂದರ ಹೆಸರು ಹೇಳಿದರೆ ಉಳಿದವು ಸಾಚಾ ಆಗಿಬಿಡುತ್ತವೆ. ಎಲ್ಲದರ ಮೇಲೂ ಹೆಚ್ಚುಕಮ್ಮಿ ಇದೇ ಬರಹ.

ಅಣ್ಣನಿಗೆ ಮೂವತ್ತನಾಲ್ಕು ವರ್ಷ. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರವರೆಗೆ ನಿಲ್ಲುತ್ತಾನೆ. ಹಗಲು ಇನ್ನೂ ನಾಲ್ವರ ಜೊತೆ ಒಂದು ಶೀಟಿನ ಮನೆಯಲ್ಲಿ ಮಲಗುತ್ತಾನೆ. ಮಲಗುತ್ತಾನೆ ಅನ್ನುವುದಕ್ಕಿಂತ ಬಿದ್ದಿರುತ್ತಾನೆ ಅನ್ನಬೇಕು. ಮೇಲೆ ಕಾದ ಶೀಟು, ಪಕ್ಕದಲ್ಲಿ ವೆಲ್ಡಿಂಗ್ ಅಂಗಡಿ. ನಾಲ್ಕು ತಾಸು ಕಣ್ಣು ಮುಚ್ಚಿದರೆ ಹೆಚ್ಚು. ನಾನು ನಮ್ಮ ಮನೆಯ ಮೊದಲ ಪದವೀಧರ. ನನ್ನ ಫೀಸು ಕಟ್ಟಿದ್ದು ಅವನ ಆ ರಾತ್ರಿಗಳು.

"ಇದೇನಣ್ಣಾ?" ಅಂದೆ.

"ಇಡ್ಲಾ ಅಲ್ಲಿ, ಮುಟ್‌ಬ್ಯಾಡ" ಅಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, ನನ್ನ ಮುಖ ನೋಡದೆ ಹೇಳಿದ: "ಸುಸ್ತು ಕಣ್ಲಾ. ಮೈನಾಗೆ ಏನೂ ಇಲ್ವೇನೋ ಅನ್ನಂಗಾಯ್ತದೆ. ಜಿಮ್ಮಿಗೆ ಹೋಗೋ ಹುಡುಗ್ರು ಹೇಳುದ್ರು, ಇದು ತಿಂದ್ರೆ ಗಂಡಸ್ತನ ಬತ್ತದೆ ಅಂತ."

ಏಳು ತಿಂಗಳಿಂದ ತಿನ್ನುತ್ತಿದ್ದನಂತೆ. ಊರಲ್ಲಿರುವ ಅತ್ತಿಗೆಗೆ ಗೊತ್ತಿಲ್ಲ. ಮದುವೆಯಾಗಿ ನಾಲ್ಕು ವರ್ಷ, ಮಕ್ಕಳಿಲ್ಲ. ಅವ್ವ ಅತ್ತಿಗೆಯನ್ನು ಕರಕೊಂಡು ಹೋಗದ ಗುಡಿಯಿಲ್ಲ, ಕಟ್ಟಿಸದ ತಾಯಿತವಿಲ್ಲ. ಅವಳ ಮೈಯ ಮೇಲೆ ಊರೇ ಪಂಚಾಯ್ತಿ ಮಾಡಿತು. ಅಣ್ಣನ ಪಾಲಿಗೆ ಟ್ರಂಕಿನೊಳಗಿನ ಈ ಡಬ್ಬಿ. ಹೆಣ್ಣಿಗೆ ಬಹಿರಂಗ ಅವಮಾನ, ಗಂಡಿಗೆ ಗುಟ್ಟಿನ ಅವಮಾನ. ಹಂಚಿಕೆ ಹೀಗೆ.

ಇನ್ನು ಕೃತಿಗೆ ಬರೋಣ. ಡಬ್ಬಿಯ ಮೇಲಿರುವುದೆಲ್ಲ ಇಂಗ್ಲಿಷು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟ ಅಣ್ಣ ಓದಿಕೊಂಡಿದ್ದು ಅಕ್ಷರವನ್ನಲ್ಲ, ಚಿತ್ರವನ್ನು. ಒಂದು ಕಡೆ ಕಾಲೆತ್ತಿ ನಿಂತ ಕುದುರೆ. ಇನ್ನೊಂದು ಕಡೆ ಒಬ್ಬ ಗಂಡಸು, ಎದೆ ಹೊಟ್ಟೆ ತೋಳು ಎಲ್ಲಾ ಗಂಟುಗಂಟು, ಮೈಬಣ್ಣ ಗೋಧಿಯದು. ಕುತ್ತಿಗೆಯಿಂದ ಮೇಲಕ್ಕೆ ಅವನಿಗೆ ತಲೆಯೇ ಇಲ್ಲ. ನಾನು ಅವನ ಕೈ ನೋಡಿದೆ. ಅಂಗೈಯಲ್ಲಿ ಒಂದು ಜಡ್ಡಿಲ್ಲ. ಅಷ್ಟು ಶಕ್ತಿ ಇಟ್ಟುಕೊಂಡು ಈ ಮನುಷ್ಯ ಏನು ಕೆಲಸ ಮಾಡುತ್ತಾನೆ? ಮೂಟೆ ಹೊರುತ್ತಾನಾ, ಕಬ್ಬು ಕಡಿಯುತ್ತಾನಾ? ಚಿತ್ರ ಹೇಳುವುದಿಲ್ಲ. ಕೆಲಸ ಮಾಡದವನ ಮೈಯನ್ನು ತೋರಿಸಿ, ಕೆಲಸ ಮಾಡಿ ಸೋತವನಿಗೆ ಮಾರುವುದು. ಇದು ಈ ಕೃತಿಯ ಮೊದಲ ಅಲಂಕಾರ.

ಕುದುರೆಯ ಕೆಳಗೆ ಮುಖ್ಯ ವಾಕ್ಯ. ಕನ್ನಡಕ್ಕೆ ತಂದರೆ ಹೀಗಾಗುತ್ತದೆ: "ಟೆಸ್ಟೋಸ್ಟೆರಾನ್‌ನ ಆರೋಗ್ಯಕರ ಮಟ್ಟವನ್ನು ಬೆಂಬಲಿಸಲು ಸಹಕಾರಿ." ಈ ವಾಕ್ಯವನ್ನು ಬಿಚ್ಚಿ ನೋಡಿ. ವಾಸಿ ಮಾಡುತ್ತೇನೆ ಅನ್ನಲಿಲ್ಲ. ಹೆಚ್ಚಿಸುತ್ತೇನೆ ಅನ್ನಲಿಲ್ಲ. "ಬೆಂಬಲಿಸಲು" ಅಂದಿತು. ಅದೂ ತಾನೇ ಬೆಂಬಲಿಸುವುದಿಲ್ಲ, ಬೆಂಬಲಿಸುವುದಕ್ಕೆ "ಸಹಕಾರಿ" ಅಷ್ಟೆ. ನಮ್ಮಲ್ಲಿ ಬೆಂಬಲ ಅಂದರೆ ಧರಣಿಗೆ ಬಂದು ಪಕ್ಕದಲ್ಲಿ ಕೂರುವುದು, ಲಾಠಿ ಬಿದ್ದರೆ ಜೊತೆಗೆ ತಿನ್ನುವುದು. ಈ ಬೆಂಬಲಕ್ಕೆ ಅಂಥ ಯಾವ ಜವಾಬ್ದಾರಿಯೂ ಇಲ್ಲ. ಇನ್ನು "ಆರೋಗ್ಯಕರ ಮಟ್ಟ". ಮಟ್ಟ ಆರೋಗ್ಯಕರವಾಗಿಯೇ ಇದ್ದರೆ ಈ ಡಬ್ಬಿ ಯಾಕೆ? ಆರೋಗ್ಯಕರವಾಗಿಲ್ಲದಿದ್ದರೆ ಅವನ ಬಗ್ಗೆ ಈ ವಾಕ್ಯ ಒಂದು ಮಾತೂ ಆಡಿಲ್ಲ. ಕಾಯಿಲೆ ಇಲ್ಲದವನನ್ನು ಉದ್ದೇಶಿಸಿ ಬರೆದು, ಕಾಯಿಲೆಯ ಭಯ ಇರುವವನಿಗೆ ಮಾರಿದ ವಾಕ್ಯ ಇದು.

ಹೀಗೆ ನುಣುಚಿಕೊಳ್ಳುವುದಕ್ಕೆ ಕಾರಣ ಕಾನೂನು. ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆ ಅಂತ ಔಷಧಿಯ ಜಾಹೀರಾತು ಕೊಡಬಾರದೆಂದು ೧೯೫೪ರಲ್ಲೇ ಪಾರ್ಲಿಮೆಂಟು ಕಾಯಿದೆ ಮಾಡಿತು. ಔಷಧಿಗಳು ಮತ್ತು ಮಾಯಾಮದ್ದುಗಳ ಆಕ್ಷೇಪಾರ್ಹ ಜಾಹೀರಾತುಗಳ ಕಾಯಿದೆ ಅದು. ಬಸ್‌ಸ್ಟ್ಯಾಂಡಿನ ಮೂತ್ರಿಖಾನೆಯ ಗೋಡೆಯ ಮೇಲೆ "ಗುಪ್ತರೋಗಗಳಿಗೆ ಸಂಪರ್ಕಿಸಿ" ಅಂತ ಬರೆಸುವವರು ಅದನ್ನು ನೇರವಾಗಿ ಮುರಿದರು. ಈ ಡಬ್ಬಿಯವರು ಓದಿದವರು, ಮುರಿಯುವುದಿಲ್ಲ. ಬೇಲಿಯ ಪಕ್ಕಕ್ಕೇ ಮೇಯುತ್ತಾರೆ. ಗಂಡಸುತನ ಅನ್ನುವ ಕಡೆ ಸ್ಟ್ಯಾಮಿನಾ ಅನ್ನುತ್ತಾರೆ, ಕಾಮ ಅನ್ನುವ ಕಡೆ ಚೈತನ್ಯ ಅನ್ನುತ್ತಾರೆ. ಹೇಳಬಾರದ್ದನ್ನು ಹೇಳುವ ಕೆಲಸವನ್ನು ಕುದುರೆಗೆ ವಹಿಸಿದ್ದಾರೆ. ಆಹಾರ ಪೂರಕ ಅಂತ ಮಾರುವ ಡಬ್ಬಿಯ ಮೇಲೆ "ಔಷಧೀಯ ಬಳಕೆಗಲ್ಲ" ಎಂದು ಅಚ್ಚು ಹಾಕಲೇಬೇಕೆಂಬ ನಿಯಮವಿದೆ. ಹಾಕಿದ್ದಾರೆ, ಬುಡದಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ. ಮುಂದಿನ ಮುಖದಲ್ಲಿ ಕುದುರೆ, ಹಿಂದಿನ ಬೆನ್ನಿನಲ್ಲಿ ಇರುವೆ.

ನಮ್ಮೂರ ಸಂತೆಯಲ್ಲಿ ಬೇರು ನಾರು ಹರಡಿಕೊಂಡು ಕೂಗುವ ಒಬ್ಬ ಮುದುಕ ಬರುತ್ತಿದ್ದ. ಅವನೂ ಸುಳ್ಳು ಹೇಳುತ್ತಿದ್ದ. ಆದರೆ ಮುಂದಿನ ವಾರ ಅದೇ ಹುಣಸೆ ಮರದ ಕೆಳಗೆ ಅವನು ಸಿಗುತ್ತಿದ್ದ, ಕತ್ತಿನಪಟ್ಟಿ ಹಿಡಿದು ಕೇಳಬಹುದಿತ್ತು. ಈ ಡಬ್ಬಿಗೆ ಕತ್ತಿನಪಟ್ಟಿಯೇ ಇಲ್ಲ.

ಹಾಗಾದರೆ ಒಳಗಿರುವುದೇನು? ಅಶ್ವಗಂಧದ ಬೇರಿನ ಸಾರ. ಕನ್ನಡದಲ್ಲಿ ಇದಕ್ಕೆ ಹಿರೇಮದ್ದು ಅನ್ನುವ ಹೆಸರಿದೆ. ಒಣಭೂಮಿಯ ಪಾಳು ಜಾಗದಲ್ಲಿ ತಾನಾಗಿ ಬೆಳೆಯುವ, ಬದನೆ ಜಾತಿಗೆ ಸೇರಿದ ಗಿಡ. ಈಗ ಮಧ್ಯಪ್ರದೇಶದ ನೀಮಚ್ ಮತ್ತು ಮಂದ್‌ಸೌರ್ ಜಿಲ್ಲೆಗಳಲ್ಲಿ ಮಳೆಯಾಶ್ರಯದ ಬೆಳೆಯಾಗಿ ದೊಡ್ಡದಾಗಿ ಬೆಳೆಯುತ್ತಾರೆ. ಮುಂಗಾರಿನಲ್ಲಿ ಬಿತ್ತಿ, ಜನವರಿಯಿಂದ ಮಾರ್ಚಿಯ ಹೊತ್ತಿಗೆ ಕಿತ್ತು, ಬೇರು ಬೇರ್ಪಡಿಸಿ, ಒಣಗಿಸಿ, ತುಂಡು ಮಾಡಿ, ದಪ್ಪ ಸಣ್ಣ ಅಂತ ದರ್ಜೆ ವಿಂಗಡಿಸಿ ನೀಮಚ್ ಮಂಡಿಗೆ ತರುತ್ತಾರೆ. ನೆಲ ಬಗೆದು ಬೇರು ಕೀಳುವ ಕೈಗಳಿಗೂ ಸುಸ್ತಾಗುತ್ತದೆ. ಆ ಕೈಗಳ ಚಿತ್ರ ಯಾವ ಡಬ್ಬಿಯ ಮೇಲೂ ನಾನು ಕಂಡಿಲ್ಲ.

ವಿಮರ್ಶಕ ನ್ಯಾಯವಾಗಿರಬೇಕು. ಈ ಬೇರು ಬರೀ ಬೂದಿಯಲ್ಲ, ಅದರ ಮೇಲೆ ಪರೀಕ್ಷೆಗಳು ನಡೆದಿವೆ. ಅದಕ್ಕೆ ಮೊದಲು ಟೆಸ್ಟೋಸ್ಟೆರಾನ್ ಅಂದರೇನು ಅಂತ ತಿಳಿಯೋಣ. ಗಂಡಸರಲ್ಲಿ ಮುಖ್ಯವಾಗಿ ವೃಷಣಗಳಲ್ಲಿ, ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಅಪ್ಪಣೆಯಂತೆ ತಯಾರಾಗುವ ಹಾರ್ಮೋನು ಅದು. ಹೆಂಗಸರ ಮೈಯಲ್ಲೂ ಸ್ವಲ್ಪ ತಯಾರಾಗುತ್ತದೆ. ಅದನ್ನು ಗಂಡಸರ ಜಹಗೀರು ಅಂದುಕೊಂಡವರು ಇದನ್ನು ಎರಡು ಸಲ ಓದಬೇಕು. ಬೆಳಿಗ್ಗೆ ಅದರ ಮಟ್ಟ ಹೆಚ್ಚು, ಸಂಜೆಗೆ ಕಮ್ಮಿ. ಅಮೆರಿಕದ ಮೂತ್ರಾಂಗ ತಜ್ಞರ ಸಂಘ ೨೦೧೮ರಲ್ಲಿ ಹಾಕಿಕೊಟ್ಟ ಸೂತ್ರದ ಪ್ರಕಾರ, ಬೇರೆ ಬೇರೆ ಎರಡು ದಿನ ಬೆಳಿಗ್ಗೆ ತೆಗೆದ ರಕ್ತದಲ್ಲಿ ಡೆಸಿಲೀಟರಿಗೆ ೩೦೦ ನ್ಯಾನೋಗ್ರಾಮಿಗಿಂತ ಕಮ್ಮಿ ಇದ್ದು, ಜೊತೆಗೆ ಲಕ್ಷಣಗಳೂ ಇದ್ದರೆ ಮಾತ್ರ ಕೊರತೆ ಅನ್ನಬೇಕು. ಅಂದರೆ ಸುಸ್ತು ಒಂದೇ ಸಾಕ್ಷಿಯಲ್ಲ. ನಮ್ಮಣ್ಣ ಯಾವತ್ತೂ ರಕ್ತ ಕೊಟ್ಟಿರಲಿಲ್ಲ. ತನಗೇನೋ ಕೊರತೆ ಇದೆ ಅಂತ ಡಬ್ಬಿ ಹೇಳಿತು, ಅವನು ಒಪ್ಪಿಕೊಂಡ.

ಈ ಶಕ್ತಿಯ ಹಸಿವು ನಮ್ಮ ದೇಶದ್ದು ಮಾತ್ರವೂ ಅಲ್ಲ. ೧೮೮೯ರಲ್ಲಿ ಪ್ಯಾರಿಸ್ಸಿನಲ್ಲಿ ಬ್ರೌನ್ ಸೆಕಾರ್ ಎಂಬ ದೊಡ್ಡ ವಿಜ್ಞಾನಿ ತನ್ನ ಎಪ್ಪತ್ತೆರಡನೇ ವಯಸ್ಸಿನಲ್ಲಿ ನಾಯಿ ಮತ್ತು ಗಿನಿ ಹಂದಿಯ ವೃಷಣದ ರಸವನ್ನು ಚುಚ್ಚಿಕೊಂಡು, ನನಗೆ ಪ್ರಾಯ ಬಂತು ಅಂತ ಸಾರಿದ. ಜನ ಮುಗಿಬಿದ್ದರು. ನಿಜವಾದ ಹಾರ್ಮೋನನ್ನು ಬೇರ್ಪಡಿಸಿದ್ದು ೧೯೩೫ರಲ್ಲಿ, ಆಮ್‌ಸ್ಟರ್‌ಡಾಮಿನಲ್ಲಿ. ಸುಮಾರು ೧೦೦ ಕಿಲೋ ಹೋರಿಯ ವೃಷಣದಿಂದ ಅವರಿಗೆ ಸಿಕ್ಕಿದ್ದು ೧೦ ಮಿಲಿಗ್ರಾಂ. ಹಾಗಿದ್ದರೆ ಆ ಮುದುಕನ ನೀರುರಸದಲ್ಲಿ ಎಷ್ಟಿದ್ದಿರಬೇಕು? ಅವನಿಗೆ ಬಂದ ಪ್ರಾಯ ನಂಬಿಕೆಯದು. ಪಂಡಿತನಿಗೇ ಹೀಗಾದ ಮೇಲೆ ಗೇಟು ಕಾಯುವವನನ್ನು ದಡ್ಡ ಅನ್ನುವ ಹಾಗಿಲ್ಲ.

ಈಗ ಬೇರಿನ ಪರೀಕ್ಷೆಗಳು. ೨೦೧೫ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹದಿನೆಂಟರಿಂದ ಐವತ್ತು ವಯಸ್ಸಿನ ೫೭ ಗಂಡಸರಿದ್ದರು. ಎಂಟು ವಾರ ಎಲ್ಲರಿಗೂ ಭಾರ ಎತ್ತುವ ವ್ಯಾಯಾಮ. ಕೆಲವರಿಗೆ ದಿನಕ್ಕೆರಡು ಸಲ ೩೦೦ ಮಿಲಿಗ್ರಾಂ ಬೇರಿನ ಸಾರ, ಉಳಿದವರಿಗೆ ಹುಸಿ ಗುಳಿಗೆ. ಸಾರ ತಿಂದವರ ಟೆಸ್ಟೋಸ್ಟೆರಾನ್ ಸರಾಸರಿ ಸುಮಾರು ೯೬ ನ್ಯಾನೋಗ್ರಾಂ ಏರಿತು, ಹುಸಿ ಗುಳಿಗೆಯವರದು ೧೮. ಕಂಪನಿಗಳು ಎತ್ತಿ ಎತ್ತಿ ತೋರಿಸುವುದು ಇದನ್ನೇ. ಇರಲಿ, ಏರಿದ್ದು ನಿಜ. ಆದರೆ ಚಿಕ್ಕ ಗುಂಪು, ಆರೋಗ್ಯವಂತರು, ಎಂಟೇ ವಾರ.

ಇನ್ನೊಂದು ೨೦೧೯ರದು. ನಲವತ್ತರಿಂದ ಎಪ್ಪತ್ತರ ನಡುವಿನ, ತೂಕ ಹೆಚ್ಚಿದ್ದ, ಸ್ವಲ್ಪ ಸುಸ್ತು ಅನ್ನುತ್ತಿದ್ದ ಗಂಡಸರ ಮೇಲೆ ನಡೆದದ್ದು. ಎಂಟು ವಾರ ಸಾರ, ಎಂಟು ವಾರ ಹುಸಿ. ಸಾರ ತಿಂದಾಗ ಜೊಲ್ಲಿನಲ್ಲಿ ಅಳೆದ ಟೆಸ್ಟೋಸ್ಟೆರಾನ್ ೧೪.೭ ಶೇಕಡಾ ಹೆಚ್ಚಿತ್ತು. ಆದರೆ ಸುಸ್ತು? ಹುರುಪು? ಲೈಂಗಿಕ ನೆಮ್ಮದಿ? ಹುಸಿ ಗುಳಿಗೆಗೂ ಇದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಗೆಳೆಯರೇ, ಇಲ್ಲಿ ಒಂದು ನಿಮಿಷ ನಿಲ್ಲಿ. ಅಂಕಿ ಏರಿತು, ಆಯಾಸ ಇಳಿಯಲಿಲ್ಲ. ಅಣ್ಣ ೮೯೯ ಕೊಟ್ಟಿದ್ದು ಅಂಕಿಗಲ್ಲ. ಆಯಾಸ ಇಳಿಯಲಿ ಅಂತ.

ಕವಿಯಾದ ನನಗೆ ಈ ಗಿಡದ ಹೆಸರಿನಲ್ಲೇ ಎಲ್ಲ ಇದೆ ಅನ್ನಿಸುತ್ತದೆ. ಸಂಸ್ಕೃತದ ಅಶ್ವಗಂಧ ಅಂದರೆ ಕುದುರೆಯ ವಾಸನೆ, ಹಸಿ ಬೇರು ಹಾಗೆ ನಾರುತ್ತದಂತೆ. ಆಯುರ್ವೇದದ ಎಂಟು ಅಂಗಗಳಲ್ಲಿ ಒಂದರ ಹೆಸರು ವಾಜೀಕರಣ, ವಾಜಿ ಅಂದರೂ ಕುದುರೆಯೇ. ಸಸ್ಯಶಾಸ್ತ್ರಜ್ಞರು ಇದೇ ಗಿಡಕ್ಕಿಟ್ಟ ಲ್ಯಾಟಿನ್ ಹೆಸರಿನಲ್ಲಿ ಸಾಮ್ನಿಫೆರಾ ಎಂಬ ಪದವಿದೆ. ನಿದ್ದೆ ತರುವುದು ಅಂತ ಅರ್ಥ. ಒಂದೇ ಗಿಡಕ್ಕೆ ಕುದುರೆಯ ಹೆಸರು, ನಿದ್ದೆಯ ಹೆಸರು. ವ್ಯಾಪಾರಿ ಕುದುರೆಯನ್ನು ಹಿಡಿದುಕೊಂಡ, ನಿದ್ದೆಯನ್ನು ಬಿಟ್ಟ. ಯಾಕೆಂದರೆ ನಿದ್ದೆಯ ಮಾತು ಎತ್ತಿದರೆ ಮುಂದಿನ ಪ್ರಶ್ನೆ ಬರುತ್ತದೆ: ಇವನ ನಿದ್ದೆ ಯಾರು ತೆಗೆದುಕೊಂಡರು?

ಆ ಪ್ರಶ್ನೆಗೂ ಪರೀಕ್ಷೆಯಿದೆ. ೨೦೧೧ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದವರು ಹತ್ತು ಜನ ಆರೋಗ್ಯವಂತ ಯುವಕರನ್ನು ಒಂದು ವಾರ ರಾತ್ರಿಗೆ ಐದೇ ತಾಸು ಮಲಗಿಸಿದರು. ಹಗಲಿನ ಟೆಸ್ಟೋಸ್ಟೆರಾನ್ ಶೇಕಡಾ ೧೦ರಿಂದ ೧೫ ಇಳಿಯಿತು. ಇದೂ ಹತ್ತೇ ಜನರ ಸಣ್ಣ ಪರೀಕ್ಷೆ, ಒಪ್ಪುತ್ತೇನೆ. ಆದರೆ ಡಬ್ಬಿ ಏರಿಸಿದ್ದೂ ಹೆಚ್ಚುಕಮ್ಮಿ ಅಷ್ಟೇ, ಒಂದು ವಾರದ ನಿದ್ದೆಗೇಡು ಇಳಿಸಿದ್ದೂ ಅಷ್ಟೇ. ನಮ್ಮಣ್ಣನಿಗೆ ನಿದ್ದೆ ಕೆಟ್ಟು ಒಂದು ವಾರವಲ್ಲ, ಒಂಬತ್ತು ವರ್ಷ. ಹನ್ನೆರಡು ತಾಸಿನ ಪಾಳಿ ಮೈಯಿಂದ ಕಿತ್ತುಕೊಂಡದ್ದನ್ನು ಬೇರಿನ ಪುಡಿಯಲ್ಲಿ ತುಂಬಿಕೋ ಅನ್ನುವುದು ಈ ಕೃತಿಯ ಒಟ್ಟು ಸಾರಾಂಶ. ಕೂಲಿಯ ಪ್ರಶ್ನೆಯನ್ನು ಗಂಡಸುತನದ ಪ್ರಶ್ನೆ ಮಾಡಿ, ಬೀದಿಯಲ್ಲಿ ಕೇಳಬೇಕಾದ್ದನ್ನು ಟ್ರಂಕಿನೊಳಗೆ ಬಚ್ಚಿಡಿಸುವುದು.

ಆ ಕುದುರೆಯಾದರೂ ಯಾರದು? ರಾಜಸ್ಥಾನ, ಗುಜರಾತ್, ಮಧ್ಯಪ್ರದೇಶಗಳಲ್ಲಿ ದಲಿತ ಮದುಮಗ ಕುದುರೆ ಹತ್ತಿದರೆ ಕಲ್ಲು ಬಿದ್ದದ್ದುಂಟು, ಪೊಲೀಸರ ಕಾವಲಿನಲ್ಲಿ ಮೆರವಣಿಗೆ ಸಾಗಿದ್ದುಂಟು. ೨೦೧೭ರಲ್ಲಿ ಗುಜರಾತಿನಲ್ಲಿ ಮೀಸೆ ಬಿಟ್ಟದ್ದಕ್ಕೆ ಹೊಡೆದರೆಂಬ ಸುದ್ದಿ ಬಂದಾಗ ದಲಿತ ಹುಡುಗರು ತಮ್ಮ ಮೀಸೆಯ ಪಟವನ್ನೇ ಫೋನಿನಲ್ಲಿ ಹಾಕಿಕೊಂಡು ಪ್ರತಿಭಟಿಸಿದರು. ಬೀದಿಯಲ್ಲಿ ಕುದುರೆ ಕೊಡದ ಸಮಾಜ ಡಬ್ಬಿಯಲ್ಲಿ ಕುದುರೆ ಮಾರುತ್ತದೆ. ಬೀದಿಯ ಕುದುರೆಗೆ ಕಲ್ಲು, ಡಬ್ಬಿಯ ಕುದುರೆಗೆ ೮೯೯.

ಅಪಾಯವನ್ನೂ ಹೇಳಿಬಿಡುತ್ತೇನೆ, ಮೇಷ್ಟ್ರುಗಳು ಊರಲ್ಲಿ ಓದಿ ಹೇಳಲಿ. ಅಶ್ವಗಂಧ ತಿಂದ ಕೆಲವರಿಗೆ ಲಿವರಿಗೆ ಪೆಟ್ಟು ಬಿದ್ದಿದೆ. ಐಸ್‌ಲ್ಯಾಂಡ್ ಮತ್ತು ಅಮೆರಿಕದ ಐದು ಪ್ರಕರಣಗಳು ೨೦೨೦ರಲ್ಲಿ ವರದಿಯಾದವು. ಡೆನ್ಮಾರ್ಕ್ ೨೦೨೩ರಲ್ಲಿ ಇದನ್ನು ನಿಷೇಧಿಸಿತು. ಹೀಗಾಗುವುದು ಅಪರೂಪ, ಆದರೂ ಇದನ್ನು ತಿನ್ನುವವರಿಗೆ ಕಣ್ಣು ಹಳದಿಯಾದರೆ, ಮೂತ್ರ ಗಾಢವಾದರೆ, ಮೈ ತುರಿಕೆ ಹತ್ತಿದರೆ ತಕ್ಷಣ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಥೈರಾಯ್ಡಿಗೆ, ಸಕ್ಕರೆ ಕಾಯಿಲೆಗೆ ಮಾತ್ರೆ ತಿನ್ನುವವರು ಡಾಕ್ಟರಿಗೆ ಹೇಳದೆ ಮುಟ್ಟಬಾರದು. ಗಿಡಮೂಲಿಕೆ ಅಂತ ಮಾರಿದ ಎಷ್ಟೋ ಶಕ್ತಿಮದ್ದುಗಳಲ್ಲಿ ಗುಟ್ಟಾಗಿ ಸಿಲ್ಡೆನಾಫಿಲ್ ಎಂಬ ಇಂಗ್ಲಿಷ್ ಔಷಧಿ ಬೆರೆಸಿದ್ದು ಪತ್ತೆಯಾಗಿದೆ. ಹೃದ್ರೋಗಕ್ಕೆ ನೈಟ್ರೇಟ್ ಮಾತ್ರೆ ತಿನ್ನುವವರು ಅದನ್ನು ನುಂಗಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಕುತ್ತು. ಮಗು ಬೇಕು ಅನ್ನುವವರು ಟೆಸ್ಟೋಸ್ಟೆರಾನ್ ಇಂಜೆಕ್ಷನ್ನಿನ ಹತ್ತಿರವೂ ಹೋಗಬಾರದು, ಅದು ವೀರ್ಯಾಣುಗಳನ್ನೇ ಕಮ್ಮಿ ಮಾಡುತ್ತದೆ.

ಅಣ್ಣನನ್ನು ಜಗಳ ಮಾಡಿ ಸರ್ಕಾರಿ ಆಸ್ಪತ್ರೆಗೆ ಕರಕೊಂಡು ಹೋದೆ. ಡಾಕ್ಟರಮ್ಮ ಗಂಡಸುತನದ ಮಾತೇ ಎತ್ತಲಿಲ್ಲ. "ಎಷ್ಟು ಹೊತ್ತು ನಿದ್ದೆ ಮಾಡ್ತೀರಪ್ಪ? ಬಾಯಾರಿಕೆ ಜಾಸ್ತಿನಾ? ಎಷ್ಟು ಸಲ ಮೂತ್ರಕ್ಕೆ ಹೋಗ್ತೀರಿ?" ಅಂತ ಕೇಳಿದರು. ರಕ್ತ ನೋಡಿದರೆ ಹಸಿದ ಹೊಟ್ಟೆಯಲ್ಲೇ ಸಕ್ಕರೆ ಇನ್ನೂರು ದಾಟಿತ್ತು. ೧೨೬ಕ್ಕೇ ಕಾಯಿಲೆ ಅನ್ನುತ್ತಾರೆ. ಏಳು ತಿಂಗಳು ಏಳು ಡಬ್ಬಿ, ೬,೨೯೩ ರೂಪಾಯಿ. ಅಷ್ಟು ದಿನ ಸಕ್ಕರೆ ಒಳಗೊಳಗೇ ಮೈಯನ್ನು ತಿನ್ನುತ್ತಿತ್ತು, ಇವನು ನಾಚಿಕೆಯಿಂದ ಗುಳಿಗೆ ತಿನ್ನುತ್ತಿದ್ದ. ಸಕ್ಕರೆ ಕಾಯಿಲೆ ಇರುವವರಲ್ಲಿ ಟೆಸ್ಟೋಸ್ಟೆರಾನ್ ಕಮ್ಮಿಯಾಗುವುದೂ ಉಂಟು, ಮೊದಲು ಇದು ಹತೋಟಿಗೆ ಬರಲಿ, ಆಮೇಲೆ ಅದನ್ನು ನೋಡೋಣ ಅಂದರು. ಮಾತ್ರೆ ಅಲ್ಲೇ ಪುಕ್ಕಟೆ ಸಿಕ್ಕಿತು. ಮಕ್ಕಳ ವಿಷಯಕ್ಕೆ ಗಂಡ ಹೆಂಡತಿ ಇಬ್ಬರೂ ಬನ್ನಿ ಅಂದರು. ನಾಲ್ಕು ವರ್ಷದಲ್ಲಿ ಆ "ಇಬ್ಬರೂ" ಅನ್ನುವ ಮಾತನ್ನು ನಮ್ಮ ಮನೆ ಕೇಳಿದ್ದು ಅದೇ ಮೊದಲು. ಹೋಗಿ ಬಂದರು. ಚೀಟಿಯಲ್ಲಿ ಏನಿತ್ತು ಅನ್ನುವುದು ಅವರಿಬ್ಬರ ಮಾತು, ಪತ್ರಿಕೆಯದಲ್ಲ. ಅತ್ತಿಗೆ ಅಣ್ಣನಿಗೆ ಕೇಳಿದ್ದು ಮಾತ್ರ ನನ್ನ ಕಿವಿಗೆ ಬಿತ್ತು: "ಸುಸ್ತು ಅಂತ ನಂಗೊಂದು ಮಾತು ಹೇಳಕ್ಕೆ ಏಳು ತಿಂಗ್ಳು ಬೇಕಾಯ್ತಾ ನಿಮ್ಗೆ?"

ಆ ಪ್ರಶ್ನೆ ಅಣ್ಣನಿಗೆ ಮಾತ್ರ ಕೇಳಿದ್ದಲ್ಲ ಅಂತ ನನಗೆ ಆಮೇಲೆ ಹೊಳೆಯಿತು. ಕೊನೆಯದಾಗಿ ನಮ್ಮದೇ ಬರಹಕ್ಕೆ ಬರುತ್ತೇನೆ. ನಾವು ಬಂಡಾಯದ ಕವಿಗಳು ವ್ಯವಸ್ಥೆಯನ್ನು ಬಯ್ಯುವಾಗ ಯಾವ ಪದ ಬಳಸಿದ್ದೇವೆ? ಷಂಡ ಸರ್ಕಾರ. ಬಳೆ ತೊಟ್ಟುಕೊಳ್ಳಿ. ಗಂಡಸಾದರೆ ಬನ್ನಿ. ನನ್ನ ಮೊದಲ ಪ್ರಕಟಿತ ಪದ್ಯದಲ್ಲಿ ಷಂಡ ಅನ್ನುವ ಪದ ಎರಡು ಕಡೆ ಇದೆ. ಸಭೆಯಲ್ಲಿ ಓದಿದಾಗ ಚಪ್ಪಾಳೆ ಬಿದ್ದದ್ದು ಅಲ್ಲೇ. ಅಣ್ಣ ಹಿಂದಿನ ಸಾಲಿನಲ್ಲಿ ಕೂತಿದ್ದ. ಅವನೂ ಚಪ್ಪಾಳೆ ತಟ್ಟಿದ. ಆ ಹೊತ್ತಿಗೆ ಅವನ ಟ್ರಂಕಿನಲ್ಲಿ ಎಷ್ಟನೆಯ ಡಬ್ಬಿ ಇತ್ತೋ!

ಡಬ್ಬಿ ಬರೆದವನೂ ನಾನೂ ಒಂದೇ ನಿಘಂಟಿನಿಂದ ಪದ ಎತ್ತಿದ್ದೇವೆ. ಗಂಡಸುತನವೇ ಮನುಷ್ಯನ ಬೆಲೆ, ಅದಿಲ್ಲದವನು ಹುಲ್ಲುಕಡ್ಡಿ ಅನ್ನುವ ಅದೇ ಹಳೆಯ ಗೌಡಿಕೆಯ ನಿಘಂಟು. ಕಂಪನಿ ಅದನ್ನು ದುಡ್ಡಿಗೆ ಬಳಸಿತು, ನಾನು ಚಪ್ಪಾಳೆಗೆ. ಹೆಣ್ಣನ್ನೂ, ದಣಿದವನನ್ನೂ, ಮಕ್ಕಳಿಲ್ಲದವರನ್ನೂ ಒಂದೇ ಏಟಿಗೆ ಹೊಡೆಯುವ ಪದವನ್ನು ಇಟ್ಟುಕೊಂಡು ಯಾರ ಬಿಡುಗಡೆಯ ಹಾಡು ಬರೆಯುತ್ತೇವೆ? ನನ್ನ ಪದ್ಯದಿಂದ ಆ ಎರಡು ಪದ ಕಿತ್ತು ಹಾಕಿದ್ದೇನೆ. ಪದ್ಯ ಕುಂಟುತ್ತಿದೆ. ಕುಂಟಲಿ.

ವಿದ್ಯಾರ್ಥಿ ಗೆಳೆಯರು, ಹಳ್ಳಿಯ ಮೇಷ್ಟ್ರುಗಳು ಒಂದು ಕೆಲಸ ಮಾಡಬೇಕು. ನಿಮ್ಮ ಮನೆಯ, ಕೇರಿಯ ಟ್ರಂಕುಗಳಲ್ಲಿ ಇಂಥ ಕೃತಿಗಳಿವೆ. ಬಯ್ಯಬೇಡಿ, ಕಿತ್ತುಕೊಳ್ಳಬೇಡಿ. ಪಕ್ಕದಲ್ಲಿ ಕೂತು ಒಂದೊಂದೇ ಸಾಲು ಕನ್ನಡದಲ್ಲಿ ಓದಿ ಹೇಳಿ, ಬುಡದ ಇರುವೆ ಸಾಲನ್ನೂ ಬಿಡದೆ. ಓದಿ ಆದಮೇಲೆ ಒಂದೇ ಪ್ರಶ್ನೆ ಕೇಳಿ: ಎಷ್ಟು ಹೊತ್ತು ಮಲಗ್ತೀಯಣ್ಣಾ? ಅವನ ಉತ್ತರ ಕೇಳಿಸಿಕೊಂಡ ಮೇಲೆ ರಕ್ತ ಪರೀಕ್ಷೆಗೂ ಹೋಗಬೇಕಾಗುತ್ತದೆ, ಎಂಟು ತಾಸಿನ ಪಾಳಿ ಕೇಳಲು ಬೀದಿಗೂ ಇಳಿಯಬೇಕಾಗುತ್ತದೆ.

ಅಣ್ಣ ಈಗಲೂ ಗೇಟಿನಲ್ಲೇ ಇದ್ದಾನೆ, ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟು. ಖಾಲಿ ಡಬ್ಬಿಯಲ್ಲಿ ಸಕ್ಕರೆ ಮಾತ್ರೆ ಹಾಕಿಟ್ಟುಕೊಂಡಿದ್ದಾನೆ. ಟ್ರಂಕಿನಲ್ಲಲ್ಲ, ಎಲ್ಲರಿಗೂ ಕಾಣುವ ಹಾಗೆ ಕಿಟಕಿಯ ಮೇಲೆ.